ಮನೆತನದ ನಿಷ್ಠೆಯೂ ಅಪರಾಧವೂ: ‘ಗಾಡ್‌ಫಾದರ್’ ಮತ್ತು ‘ಭೂತಯ್ಯನ ಮಗ ಅಯ್ಯು’

ಮೂಡಿಗೆರೆ, ಕಳಸಗಳ ಕಾಫಿಮಲೆಗಳಲ್ಲಿ ಮನೆತನವೆಂಬ ಮಾತಿಗೆ ರಕ್ತಸಂಬಂಧಕ್ಕಿಂತ ವಿಸ್ತಾರವಾದ ಅರ್ಥವುಂಟು. ತಂದೆ ಕಾಲವಾದ ಮೇಲೆ ಮಗನ ಪಾಲಿಗೆ ತೋಟ ಗದ್ದೆಗಳು ಬರುವಂತೆಯೇ ಸಾಲದ ಪತ್ರ, ಬೇಲಿಯ ವ್ಯಾಜ್ಯ, ಹಳೆಯ ಹಗೆ ಇವೂ ಬರುತ್ತವೆ. ಆಸ್ತಿಯೊಡನೆ ಹಗೆಯನ್ನೂ ಸ್ವೀಕರಿಸುವುದು ಪುತ್ರಧರ್ಮವೇ? ಈ ಪ್ರಶ್ನೆಯನ್ನು ಎರಡು ಚಲನಚಿತ್ರಗಳ ಆಧಾರದಿಂದ ಇಲ್ಲಿ ವಿವೇಚಿಸುತ್ತೇವೆ.

ಮೊದಲನೆಯದು, ಮಾರಿಯೋ ಪೂಜೋ 1969ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ 1972ರಲ್ಲಿ ನಿರ್ಮಿತಿಗೆ ತಂದ ‘ಗಾಡ್‌ಫಾದರ್’. ನ್ಯೂಯಾರ್ಕಿನಲ್ಲಿ ನೆಲೆಸಿದ ಸಿಸಿಲಿ ಮೂಲದ ಕಾರ್ಲಿಯೋನೆ ಮನೆತನ ಇದರ ವಸ್ತು. ಕೊಲೆಯನ್ನು ಕಸುಬಾಗಿಸಿಕೊಂಡ ಈ ಮನೆಯನ್ನು ಪ್ರೇಕ್ಷಕರು ಮೆಚ್ಚುವರೇಕೆ? ಉತ್ತರವು ಪ್ರಾರಂಭದ ಮದುವೆಯ ದೃಶ್ಯದಲ್ಲಿಯೇ ಇದೆ. ಮಗಳ ಮೇಲೆ ಹಲ್ಲೆಯಾಗಿ, ನ್ಯಾಯಾಲಯದಲ್ಲಿ ನ್ಯಾಯ ದೊರಕದೆ ಬಂದ ಬೊನಸೇರನಿಗೆ ವೀಟೊ ಕಾರ್ಲಿಯೋನೆ ನೆರವು ನೀಡುತ್ತಾನೆ. ಹಣವನ್ನು ಪಡೆಯುವುದಿಲ್ಲ, ಮುಂದೊಂದು ದಿನ ಉಪಕಾರವೊಂದನ್ನು ಕೇಳಿಯೇನು ಎನ್ನುತ್ತಾನೆ. ಇದು ಸಾಲವೇ, ಪತ್ರವಿಲ್ಲದ ಸಾಲ. ಹಿರಿಯ ಮಗ ಸನ್ನಿ ಗುಂಡಿಗೆ ಬಲಿಯಾದಾಗ, ಶವಸಂಸ್ಕಾರ ವೃತ್ತಿಯ ಬೊನಸೇರನೇ ಆ ದೇಹವನ್ನು ಸಿಂಗರಿಸಿ ಋಣವನ್ನು ತೀರಿಸಬೇಕಾಗುತ್ತದೆ.

ಕಿರಿಯ ಮಗ ಮೈಕೆಲ್ ಯುದ್ಧದಿಂದ ಮರಳಿದವನು. ಮನೆಯ ವ್ಯವಹಾರ ತನ್ನದಲ್ಲವೆಂದು ತಿಳಿದವನು. ತಂದೆಯ ಮೇಲೆ ಗುಂಡು ಹಾರಿದ ಬಳಿಕ, ಕಾವಲಿಲ್ಲದ ಆಸ್ಪತ್ರೆಯಲ್ಲಿ ಅವನನ್ನು ರಕ್ಷಿಸಿಕೊಳ್ಳಲು ನಿಲ್ಲುತ್ತಾನೆ. ಆತನ ಪತನ ಪ್ರಾರಂಭವಾಗುವುದು ಇಲ್ಲಿಂದಲೇ. ಅದಕ್ಕೆ ಕಾರಣ ಪಿತೃಪ್ರೇಮವೆಂಬ ಸದ್ಗುಣವೆಂಬುದು ಗಮನಾರ್ಹ. ಚಿತ್ರದ ಅಂತ್ಯದಲ್ಲಿ ತಂಗಿಯ ಮಗುವಿಗೆ ದೀಕ್ಷಾಸ್ನಾನವಾಗುತ್ತಿರಲು ಮೈಕೆಲ್ ಪಾಪವನ್ನು ತ್ಯಜಿಸುವೆನೆಂದು ನುಡಿಯುತ್ತಾನೆ. ಅದೇ ಹೊತ್ತಿನಲ್ಲಿ ಅವನ ಆಜ್ಞೆಯಂತೆ ವೈರಿಗಳು ಹತರಾಗುತ್ತಾರೆ. ಬಳಿಕ ಆ ಮಗುವಿನ ತಂದೆಯೂ ಉಳಿಯುವುದಿಲ್ಲ. 1974ರಲ್ಲಿ ಬಂದ ಎರಡನೆಯ ಭಾಗದಲ್ಲಿ ಒಡಹುಟ್ಟಿದ ಫ್ರೇಡೊ ಕೂಡ ಬಲಿಯಾಗುತ್ತಾನೆ. ಮನೆತನವನ್ನು ಉಳಿಸಹೊರಟ ನಿಷ್ಠೆ ಮನೆಯವರನ್ನೇ ಉಂಡಿತು.

ಅದೇ 1974ರಲ್ಲಿ ಸಿದ್ಧಲಿಂಗಯ್ಯನವರ ನಿರ್ದೇಶನದಲ್ಲಿ ‘ಭೂತಯ್ಯನ ಮಗ ಅಯ್ಯು’ ತೆರೆಕಂಡಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ ಇದಕ್ಕೆ ಮೂಲ. ಚಿತ್ರೀಕರಣ ನಡೆದುದು ಚಿಕ್ಕಮಗಳೂರು ತಾಲ್ಲೂಕಿನ ಕಳಸಾಪುರದಲ್ಲಿ. ಎಂ. ಪಿ. ಶಂಕರ್ ಅಭಿನಯಿಸಿದ ಭೂತಯ್ಯನೂ ಸಾಲ ಕೊಡುವವನೇ. ಆದರೆ ವೀಟೊನಂತೆ ಕೃತಜ್ಞತೆಯನ್ನು ಗಳಿಸದೆ ಭಯವನ್ನು ಮಾತ್ರ ಗಳಿಸಿದವನು. ಮಗ ಅಯ್ಯುವಿಗೆ (ಲೋಕೇಶ್) ಈ ಲೆಕ್ಕವೆಲ್ಲ ಬಳುವಳಿಯಾಗಿ ಬರುತ್ತದೆ; ಎದುರಿಗೆ ನಿಲ್ಲುವವನು ಗುಳ್ಳ (ವಿಷ್ಣುವರ್ಧನ್).

ಎರಡು ಚಿತ್ರಗಳ ಅಂತರವನ್ನು ಅಂತ್ಯಕ್ರಿಯೆಯ ದೃಶ್ಯಗಳಿಂದ ಸ್ಪಷ್ಟವಾಗಿ ಅರಿಯಬಹುದು. ವೀಟೊನ ಸಮಾಧಿಯ ಬಳಿ ಹೂವಿನ ರಾಶಿ, ಜನರ ಸಂದಣಿ; ಆದರೆ ಸಂತಾಪಕ್ಕೆ ಬಂದವರಲ್ಲಿ ವೈರಿಗಳೂ ಉಂಟು, ದ್ರೋಹ ಬಗೆದ ಆಪ್ತ ಟೆಸ್ಸಿಯೋನೂ ಉಂಟು. ಭೂತಯ್ಯನ ಹೆಣಕ್ಕೆ ಹೆಗಲು ಕೊಡಲು ಊರಿನವರಾರೂ ಬರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ಕಠಿಣವಾದ ತೀರ್ಪಿಲ್ಲ. ಜನರ ಸಂದಣಿಯನ್ನು ಕಂಡ ಮಗ ತಂದೆಯ ಪೀಠವನ್ನೇರಿದನು. ಬರಿದಾದ ಅಂಗಳವನ್ನು ಕಂಡ ಮಗನಿಗೆ ತಂದೆ ಗಳಿಸಿದುದೇನೆಂಬುದು ಕಣ್ಣೆದುರಿಗೇ ಇತ್ತು. ವೈರ ಒಮ್ಮೆಗೇ ಅಳಿಯದಿದ್ದರೂ ಕಡೆಗೆ ಅಯ್ಯು ಗುಳ್ಳರ ಕಥೆ ಸೌಹಾರ್ದದಲ್ಲಿ ಮುಗಿಯುತ್ತದೆ. ತಂದೆಯ ಋಣವನ್ನು ತೀರಿಸುವುದೆಂದರೆ ತಂದೆಯಿಂದ ನೊಂದವರ ಋಣವನ್ನು ತೀರಿಸುವುದೂ ಹೌದೆಂಬ ಅರ್ಥ ಅಲ್ಲಿ ಹೊಮ್ಮುತ್ತದೆ.

ನಿಷ್ಠೆಯ ಇನ್ನೊಂದು ಮುಖ ಮೌನ. ಇದಕ್ಕೆ ಮೂಡಿಗೆರೆಯಲ್ಲಿಯೇ ನಿದರ್ಶನವಿದೆ. ಇಲ್ಲಿ ನೆಲೆಸಿ 2007ರಲ್ಲಿ ಇಲ್ಲಿಯೇ ನಿಧನರಾದ ಪೂರ್ಣಚಂದ್ರ ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ ಕಥೆಯನ್ನು ಸದಾನಂದ ಸುವರ್ಣರು ಚಿತ್ರವಾಗಿಸಿದರು. ಇಯಾಲಳ ಸಾವಿನ ನಿಜವನ್ನು ಅರಸುವ ವೈದ್ಯ ಕುಬಿ ಪರಸ್ಥಳದವನು. ಊರಿನವರೆಲ್ಲ ಒಬ್ಬರಿಗೊಬ್ಬರು ಬೇಕಾದವರಾಗಿರುವಲ್ಲಿ, ಸತ್ತವಳ ಪರವಾಗಿ ಕೇಳಲು ಹೊರಗಿನವನೇ ಬೇಕಾಗುತ್ತದೆ. ಸಿಸಿಲಿಯಲ್ಲಿ ‘ಒಮೆರ್ತಾ’ ಎಂದು ಕರೆಯುವ ಮೌನವ್ರತಕ್ಕೂ ನಮ್ಮ ಹಳ್ಳಿಯ ಮೌನಕ್ಕೂ ಹುಟ್ಟು ಬೇರೆಯಾದರೂ ಫಲ ಒಂದೇ.

ಆದುದರಿಂದ ‘ಗಾಡ್‌ಫಾದರ್’ ಚಿತ್ರವನ್ನು ಮೆಚ್ಚುವುದರಲ್ಲಿ ತಪ್ಪಿಲ್ಲ. ಗಾರ್ಡನ್ ವಿಲ್ಲಿಸರ ಕತ್ತಲು ತುಂಬಿದ ಛಾಯಾಗ್ರಹಣ, ನೀನೊ ರೋಟರ ಸಂಗೀತ, ಮಾರ್ಲನ್ ಬ್ರ್ಯಾಂಡೋ ಅವರ ಅಭಿನಯ ಇವು ಮೆಚ್ಚತಕ್ಕವೇ. ಆದರೆ ಆ ಮನೆಯ ಊಟದ ಮೇಜಿನಲ್ಲಿ ನಾವೂ ನೆಂಟರಂತೆ ಕುಳಿತಿರುತ್ತೇವೆಂಬುದನ್ನು ಮರೆಯಲಾಗದು. ಕಡೆಯ ದೃಶ್ಯದಲ್ಲಿ ಮೈಕೆಲನ ಪತ್ನಿ ಕೇ ಎದುರಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ನಾವು ಬಾಗಿಲಿನ ಯಾವ ಬದಿಯಲ್ಲಿದ್ದೇವೆಂದು ಕೇಳಿಕೊಳ್ಳುವ ಪ್ರೇಕ್ಷಕನೇ ಚಿತ್ರವನ್ನು ಪೂರ್ಣವಾಗಿ ನೋಡಿದವನೆಂದು ನಮ್ಮ ಅಭಿಪ್ರಾಯ.