ಮನೆಯ ಕಾರ್ಯಶಾಲೆಯಲ್ಲಿ ಉಪಕರಣಗಳ ಆರೈಕೆ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಮನೆಯ ಹಿತ್ತಲಿಗೆ ಹೊಂದಿಕೊಂಡು ತಗಡಿನ ಮಾಡಿನ ಒಂದು ಸಣ್ಣ ಕೊಠಡಿಯುಂಟು. ಒಂದು ಲೇತು, ರಂಧ್ರ ಕೊರೆಯುವ ಒಂದು ಯಂತ್ರ, ಒಂದು ಸಾಣೆ, ಗೋಡೆಯುದ್ದಕ್ಕೂ ತೂಗುಹಾಕಿದ ಅರಗಳು, ಉಳಿಗಳು, ಸುತ್ತಿಗೆಗಳು. ಇಷ್ಟೇ ಅದರೊಳಗಿನ ಆಸ್ತಿ. ಇದನ್ನು ನೋಡಬಂದವರು “ಇಲ್ಲಿ ಏನೇನು ಮಾಡುತ್ತೀರಿ?” ಎಂದು ಕೇಳುವರೇ ಹೊರತು “ಇವನ್ನೆಲ್ಲ ಹೇಗೆ ಕಾಪಾಡುತ್ತೀರಿ?” ಎಂದು ಕೇಳುವವರು ವಿರಳ. ಎರಡನೆಯ ಪ್ರಶ್ನೆಗೆ ಉತ್ತರ ತಿಳಿಯದವನಿಗೆ ಮೊದಲನೆಯದಕ್ಕೆ ಉತ್ತರ ಕೊಡುವ ಯೋಗ ಬಹುಕಾಲ ಉಳಿಯದು. ಆದುದರಿಂದ ಮನೆಯಲ್ಲಿಯೇ ಲೋಹದ ಕೆಲಸ ಮಾಡುವ ಶ್ರೋತೃಗಳಿಗೆ ಉಪಯೋಗವಾದೀತೆಂದು ನಾವು ಕೈಸುಟ್ಟುಕೊಂಡು ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವೆವು.

ನಮ್ಮ ಸೀಮೆಗೆ ಕಬ್ಬಿಣವೇನೂ ಹೊಸದಲ್ಲ. ಸಂಡೂರು ಬೆಟ್ಟಸಾಲಿನ ತುದಿಗಿರುವ ಜಂಬುನಾಥನ ಗುಡ್ಡದಿಂದ ಎತ್ತುಗಳ ಮೇಲೆ ಹೇರಿ ತಂದ ಸರಕನ್ನು ಕರಗಿಸಿ, ಕಮಲಾಪುರದ ಕಮ್ಮಾರರು ಆಲೆಮನೆಗಳಿಗೆ ಬೇಕಾದ ಅಗಲವಾದ ಕೊಪ್ಪರಿಗೆಗಳನ್ನು ಮಾಡುತ್ತಿದ್ದರು. 1904ರಲ್ಲಿ ಅಚ್ಚಾದ ಬಳ್ಳಾರಿ ಜಿಲ್ಲೆಯ ಗೆಜೆಟಿಯರು ಈ ಉದ್ಯಮವನ್ನು ವರ್ಣಿಸುವ ವೇಳೆಗಾಗಲೆ ಅಗ್ಗದ ವಿಲಾಯಿತಿ ಕಬ್ಬಿಣ ಬಂದು ಕರಗಿಸುವ ಕೆಲಸ ನಿಂತುಹೋಗಿತ್ತು. ಬಂದ ಕಬ್ಬಿಣದಿಂದ ಕೊಪ್ಪರಿಗೆ ಮಾಡುವುದು, ತೂತುಬಿದ್ದುದನ್ನು ದುರಸ್ತಿ ಮಾಡುವುದು, ಇವೆರಡೇ ಅವರಿಗೆ ಉಳಿದ ಕಸುಬುಗಳು. ಕರಗಿಸುವ ವಿದ್ಯೆ ಅಳಿದರೂ ದುರಸ್ತಿಯ ವಿದ್ಯೆ ಉಳಿಯಿತೆಂಬುದು ಗಮನಿಸತಕ್ಕ ವಿಷಯ.

ಆ ಅದಿರೇ ನಮ್ಮ ಯಂತ್ರಗಳಿಗೆ ಶತ್ರುವೂ ಆದೀತೆಂದು ನಾವು ಮೊದಲು ಎಣಿಸಿರಲಿಲ್ಲ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವುದಕ್ಕೆ ಹಿಂದಿನ ವರ್ಷಗಳಲ್ಲಿ ಅದಿರಿನ ಲಾರಿಗಳ ಸಾಲು ಹಗಲಿರುಳೂ ಈ ಭಾಗದ ರಸ್ತೆಗಳಲ್ಲಿ ಹರಿಯುತ್ತಿದ್ದುದನ್ನು ಇಲ್ಲಿಯವರು ಮರೆತಿಲ್ಲ. ಒಗೆದು ಹರವಿದ ಬಟ್ಟೆ ಸಂಜೆಗೆ ಕಾವಿಯಾಗುತ್ತಿತ್ತು. ಮುಂದೆ ಗಣಿಗಾರಿಕೆ ಕಟ್ಟುಪಾಡುಗಳೊಡನೆ ಮತ್ತೆ ಆರಂಭವಾಗಿದೆ. ಧೂಳು ಪೂರ್ತಿಯಾಗಿ ತೊಲಗಿಲ್ಲ. ಈ ಕೆಂಧೂಳು ಕೇವಲ ಕೊಳೆಯಲ್ಲ. ಚಿನ್ನಕ್ಕೆ ಹೊಳಪು ಕೊಡಲು, ಮಸೂರಗಳನ್ನು ನುಣುಪುಮಾಡಲು ಬಳಸುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡೇ ಆಗಿದೆ. ಅದಿರಿನ ಧೂಳೂ ಅದೇ ಜಾತಿಯದು, ಸಾಲದುದಕ್ಕೆ ಅದರಲ್ಲಿ ಗಟ್ಟಿಯಾದ ಮರಳಿನ ಕಣಗಳೂ ಬೆರೆತಿರುತ್ತವೆ. ಲೇತಿನ ಹಾಸಿನ ಮೇಲಿರುವ ಎಣ್ಣೆಗೆ ಇದು ಸೇರಿತೆಂದರೆ ಅಲ್ಲಿಗೆ ಎಣ್ಣೆಯ ಗುಣವೇ ತಲೆಕೆಳಗಾಯಿತು. ಜಾರಿಸಬೇಕಾದುದು ಅರೆಯತೊಡಗುತ್ತದೆ.

ಈ ಅರೆತದ ಪರಿಣಾಮ ಬೇಗನೆ ಕಾಣಿಸದು. ಕೆಲಸದ ಬಹುಭಾಗ ಚಕ್ಕಿನ ಸಮೀಪದಲ್ಲಿಯೇ ನಡೆಯುವುದರಿಂದ ಹಾಸು ಅಲ್ಲಿ ಹೆಚ್ಚು ಸವೆಯುತ್ತದೆ. ಇನ್ನೊಂದು ತುದಿ ಹೊಸದರಂತೆಯೇ ಇರುತ್ತದೆ. ಉಳಿಯನ್ನು ಹೊತ್ತ ಗಾಡಿ ಚಕ್ಕಿನ ಬಳಿ ಅಲ್ಲಾಡುತ್ತದೆಂದು ಅದರ ಬಿಗಿಪಟ್ಟಿಯನ್ನು ಬಿಗಿದರೆ, ದೂರದ ತುದಿಗೆ ಹೋದಾಗ ಅದು ಕಚ್ಚಿಕೊಂಡು ನಿಲ್ಲುತ್ತದೆ. ಹಳೆಯ ಲೇತನ್ನು ಕೊಳ್ಳುವವರು ಬಣ್ಣವನ್ನು ನೋಡಿ ಮರುಳಾಗದೆ ಈ ಒಂದು ಪರೀಕ್ಷೆಯನ್ನು ಮಾಡಿದರೆ ಸಾಕು, ಯಂತ್ರದ ಪೂರ್ವಚರಿತ್ರೆ ಅರ್ಧ ತಿಳಿದಂತೆ. ಸವೆದ ಹಾಸನ್ನು ಮತ್ತೆ ಸಮ ಮಾಡಿಸುವ ಖರ್ಚು ಎಷ್ಟೋ ವೇಳೆ ಯಂತ್ರದ ಬೆಲೆಯನ್ನೇ ಮುಟ್ಟುವುದುಂಟು. ಆದುದರಿಂದ ಕೆಲಸಕ್ಕೆ ಮೊದಲು ಹಳೆಯ ಎಣ್ಣೆಯನ್ನು ಬಟ್ಟೆಯಿಂದ ಒರಸಿ ತೆಗೆದು ಹೊಸ ಎಣ್ಣೆಯನ್ನು ಹಚ್ಚಬೇಕು. ಹಳೆಯದರ ಮೇಲೆಯೇ ಹೊಸದನ್ನು ಸುರಿಯಬಾರದು. ಕಬ್ಬಿಣದ ಚೂರುಗಳನ್ನು ಗಾಳಿಯ ಪಂಪಿನಿಂದ ಊದುವುದೂ ಸಲ್ಲದು; ಊದಿದ ಚೂರು ಹೊರಗೆ ಬೀಳುವುದಕ್ಕಿಂತ ಸಂದುಗಳೊಳಗೆ ನುಗ್ಗುವುದೇ ಹೆಚ್ಚು. ಲೇತಿನ ಮೇಲೆ ಉಜ್ಜುಕಾಗದವನ್ನು ಹಿಡಿಯುವಾಗ ಹಾಸನ್ನು ಕಾಗದದಿಂದ ಮುಚ್ಚುವುದು ಅವಶ್ಯ. ಚಕ್ಕನ್ನು ಕಳಚುವಾಗ ಹಾಸಿನ ಮೇಲೆ ಒಂದು ಮರದ ಹಲಗೆಯನ್ನಿಡಬೇಕು. ಕೈಜಾರಿದ ಚಕ್ಕು ಹಾಸನ್ನೂ ಬಿಡದು, ಬೆರಳನ್ನೂ ಬಿಡದು.

ಇನ್ನು ತುಕ್ಕಿನ ಮಾತು. ಬಿಸಿಲಿಗೆ ಹೆಸರಾದ ನಮ್ಮ ಊರಿನಲ್ಲಿ ತುಕ್ಕೆಲ್ಲಿಯದು ಎಂದು ಕೆಲವರಿಗೆ ಅನಿಸಬಹುದು. ಮಳೆಗಾಲದ ಒಂದು ಮುಂಜಾನೆ ತಗಡಿನ ಕೊಠಡಿಯ ಬಾಗಿಲನ್ನು ತೆರೆದು ನೋಡಿದರೆ ಸಂದೇಹ ನಿವಾರಣೆಯಾಗುವುದು. ರಾತ್ರಿಯಲ್ಲಿ ತಣ್ಣಗಾದ ಭಾರವಾದ ಕಬ್ಬಿಣ ಬೇಗನೆ ಬೆಚ್ಚಗಾಗದು. ಹೊರಗಿನ ತೇವದ ಗಾಳಿ ಅದನ್ನು ಮುಟ್ಟಿದೊಡನೆ, ತಂಬಿಗೆಯ ತಣ್ಣೀರಿನ ಹೊರಮೈಯಲ್ಲಿ ಬೆವರು ಮೂಡುವಂತೆ ಹನಿಗಳು ಮೂಡುತ್ತವೆ. ಬೆವರಿದ ಕೈಯಿಂದ ಮುಟ್ಟಿದ ಕಡೆಯಲ್ಲಂತೂ ಉಪ್ಪಿನ ಸಹಾಯವೂ ಸೇರಿ, ಬೆರಳಿನ ಗುರುತು ಎರಡು ದಿನದಲ್ಲಿ ಕೆಂಪಾಗಿ ಎದ್ದುಕಾಣುವುದು.

ಇದಕ್ಕೆ ಎಣ್ಣೆಯೇ ಮದ್ದು. ಆದರೆ ಯಾವ ಎಣ್ಣೆ? ಇಲ್ಲಿ ನಾವು ಮಾಡಿದ ತಪ್ಪನ್ನು ಒಪ್ಪಿಕೊಳ್ಳಬೇಕು. ಮನೆಯಲ್ಲಿ ಸುಲಭವಾಗಿ ದೊರೆತ ಕುಸುಬೆ ಎಣ್ಣೆಯನ್ನು ಒಂದು ಬೇಸಗೆಯಲ್ಲಿ ಯಂತ್ರಕ್ಕೆಲ್ಲ ಬಳಿದು ಊರಿಗೆ ಹೋಗಿದ್ದೆವು. ಬಂದು ನೋಡುವಾಗ ತಿರುಪುಗಳು ತಿರುಗವು, ಹಿಡಿಕೆಗಳು ಅಲುಗವು. ಕುಸುಬೆ ಎಣ್ಣೆ ಗಾಳಿಗೆ ಒಡ್ಡಿದರೆ ಒಣಗಿ ಮೆರುಗೆಣ್ಣೆಯಂತೆ ಗಟ್ಟಿಯಾಗುವ ಜಾತಿಯದೆಂಬುದು ನಮಗೆ ಆಗ ತಿಳಿದಿರಲಿಲ್ಲ. ಕಡಲೆಕಾಯಿ ಎಣ್ಣೆ ಅಷ್ಟು ಒಣಗದಿದ್ದರೂ ಹಳಸಿ ಹುಳಿಯಾಗಿ ಲೋಹವನ್ನು ಕೆಡಿಸುವುದು. ಹರಳೆಣ್ಣೆ ಇವೆಲ್ಲಕ್ಕಿಂತ ಮೇಲು. ನಮ್ಮ ಬಂಡಿಗಳ ಅಚ್ಚಿಗೆ ಹಾಕುತ್ತಿದ್ದುದು ಅದನ್ನೇ, ಮೊದಲನೆಯ ಮಹಾಯುದ್ಧದ ಎಷ್ಟೋ ವಿಮಾನಗಳ ಯಂತ್ರಗಳು ಓಡಿದುದೂ ಅದರಿಂದಲೇ. ಆದರೂ ಕಾಲಕ್ರಮದಲ್ಲಿ ಅದು ಅಂಟಾಗುತ್ತದೆ. ಸೀಮೆಎಣ್ಣೆ ತೊಳೆಯಲು ಒಳ್ಳೆಯದು, ಕಾಪಾಡಲು ಅಲ್ಲ. ಅದು ಆರಿಹೋದ ಮೇಲೆ ಕಬ್ಬಿಣ ಬರಿಮೈಯಲ್ಲಿ ನಿಲ್ಲುತ್ತದೆ. ಖನಿಜತೈಲದಿಂದ ಮಾಡಿದ ಯಂತ್ರದೆಣ್ಣೆಯನ್ನೇ ಬಳಸುವುದು ಉತ್ತಮ. ಬೆಲೆ ಹೆಚ್ಚೆನಿಸಿದರೆ, ಒಂದು ತಿರುಪನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಮೂರು ದಿನ ಬಿಡಿಸಿದ ನಮ್ಮ ಶ್ರಮವನ್ನು ಲೆಕ್ಕಕ್ಕೆ ಹಿಡಿಯಬಹುದು.

ಕೈಯ ಉಪಕರಣಗಳಲ್ಲಿ ಅರದಷ್ಟು ಅನಾದರಕ್ಕೆ ಗುರಿಯಾದುದು ಬೇರೊಂದಿಲ್ಲ. ಅರಗಳನ್ನು ಒಂದರ ಮೇಲೊಂದು ರಾಶಿಹಾಕಿದರೆ ಅವು ತಮ್ಮ ಹಲ್ಲುಗಳನ್ನು ತಾವೇ ಮುರಿದುಕೊಳ್ಳುತ್ತವೆ. ಹೊಸ ಅರವನ್ನು ಮೊದಲು ಹಿತ್ತಾಳೆಗೆ ಬಳಸಿ, ಮೊನೆ ಸ್ವಲ್ಪ ತಗ್ಗಿದ ಮೇಲೆ ಕಬ್ಬಿಣಕ್ಕೆ ಬಳಸುವುದು ಹಳಬರ ಕ್ರಮ. ಹಲ್ಲಿನೊಳಗೆ ಚೂರು ಸಿಕ್ಕದಂತೆ ಸೀಮೆಸುಣ್ಣವನ್ನು ಉಜ್ಜಿಕೊಳ್ಳುವುದೂ ಒಳ್ಳೆಯದು.

ಉಳಿಯ ವಿಷಯ ಹಾಗಲ್ಲ. ಅಲ್ಲಿ ಕೆಡುವುದು ಉಪಕರಣವಷ್ಟೇ ಅಲ್ಲ. ಸುತ್ತಿಗೆಯ ಏಟನ್ನು ತಾಳಲೆಂದು ಉಳಿಯ ತಲೆಯನ್ನು ಬೇಕೆಂದೇ ಮೆದುವಾಗಿ ಬಿಟ್ಟಿರುತ್ತಾರೆ. ಪೆಟ್ಟು ತಿಂದು ತಿಂದು ಅದು ನಾಯಿಕೊಡೆಯಂತೆ ಅರಳಿ, ಅಂಚು ಸೀಳಿ, ಒಂದು ದಿನ ಚೂರಾಗಿ ಸಿಡಿಯುತ್ತದೆ. ನಮ್ಮ ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಅಂತಹ ಒಂದು ಚೂರಿನ ಕಪ್ಪು ಗುರುತು ಈಗಲೂ ಉಂಟು. ಅದು ಒಂದು ಮೊಳ ಮೇಲಕ್ಕೆ ಹಾರಿದ್ದರೆ ಈ ಉಪನ್ಯಾಸವನ್ನು ನಾವು ಒಂದೇ ಕಣ್ಣಿನಿಂದ ಬರೆಯಬೇಕಾಗುತ್ತಿತ್ತು. ಅರಳಿದ ತಲೆಯನ್ನು ಸಾಣೆಗೆ ಹಿಡಿದು ಓರೆಮಾಡಲು ಎರಡು ನಿಮಿಷ ಸಾಕು. ಸುತ್ತಿಗೆಯ ಕಾವು ಸಡಿಲವಾದರೆ ನೀರಿನಲ್ಲಿ ನೆನೆಹಾಕುವ ರೂಢಿಯೂ ಅಪಾಯದ್ದು. ಮರ ಉಬ್ಬಿ ಬಿಗಿಯಾದಂತೆ ತೋರಿ, ಒಣಗಿದ ಮೇಲೆ ಮೊದಲಿಗಿಂತಲೂ ಸಡಿಲವಾಗುತ್ತದೆ. ಹೊಸ ಬೆಣೆಯನ್ನೇ ಹೊಡೆಯಬೇಕು.

ಸಾಣೆಯ ಮುಂದೆ ಅವಸರ ಕೂಡದು. ಸಾಮಾನ್ಯ ಉಕ್ಕಿನ ಉಳಿ ಕಾದಾಗ ಮೊದಲು ಹುಲ್ಲಿನ ಹಳದಿ, ಅನಂತರ ಕಂದು, ಸುಮಾರು 300 ಡಿಗ್ರಿಗೆ ನೀಲಿ ಬಣ್ಣ ಕಾಣುವುದು. ಅಂಚಿನಲ್ಲಿ ನೀಲಿ ಮೂಡಿದರೆ ಹದ ಕೆಟ್ಟಿತೆಂದೇ ತಿಳಿದು, ಆ ಭಾಗವನ್ನು ಪೂರ್ತಿ ಅರೆದು ತೆಗೆಯಬೇಕು. ಮತ್ತೆಮತ್ತೆ ನೀರಿನಲ್ಲಿ ಅದ್ದುತ್ತಿದ್ದರೆ ಈ ಗತಿ ಬರದು. ಹೈಸ್ಪೀಡ್ ಉಕ್ಕಿಗೆ ಈ ಭಯವಿಲ್ಲ; ಆದರೆ ಬಹಳ ಕಾದ ಅದನ್ನು ತಣ್ಣೀರಿಗೆ ಅದ್ದಿದರೆ ಬಿರುಕು ಬಿಡುವುದುಂಟು. ಹೊಸ ಸಾಣೆಚಕ್ರವನ್ನು ಕೂರಿಸುವ ಮೊದಲು ಮರದ ಹಿಡಿಯಿಂದ ಮೆಲ್ಲನೆ ತಟ್ಟಿ ಕೇಳಬೇಕು. ಗಂಟೆಯಂತೆ ನುಡಿದರೆ ಸರಿ; ಒಡಕು ಮಡಕೆಯಂತೆ ನುಡಿದರೆ ಎಸೆಯತಕ್ಕದ್ದು.

ಸಣ್ಣದೆಂದು ಕಡೆಗಣಿಸಬಾರದೆಂಬುದನ್ನು ಹೊಸಪೇಟೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಬಾಗಿಲೇ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ಹೊರಗೆ ಬಿಡಬೇಕಾಯಿತು. ಕೆಳಗಿನ ರೈತರು ಎರಡನೆಯ ಬೆಳೆಯ ಆಸೆಯನ್ನೇ ಬಿಟ್ಟು ಕುಳಿತರು. ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ದಾರಿಯನ್ನು ಮುಚ್ಚಿದರು. ಆ ವಾರ ನಾವು ನಮ್ಮ ಯಂತ್ರದ ಪಟ್ಟಿಗಳನ್ನೂ ಬೋಲ್ಟುಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಿದೆವು. ಎರಡು ಬೋಲ್ಟುಗಳ ಮರೆ ಸವೆದಿತ್ತು.

ಕೊನೆಯದಾಗಿ ಆಯುಧಪೂಜೆ. 1520ರ ಸುಮಾರಿಗೆ ದೊಮಿಂಗೊ ಪಾಯೆಸ್ ಹಂಪೆಯಲ್ಲಿ ಕಣ್ಣಾರೆ ಕಂಡು ವರ್ಣಿಸಿದ ಮಹಾನವಮಿ ನಮ್ಮ ಕೊಠಡಿಯಲ್ಲಿಯೂ ತನ್ನ ಅಳತೆಗೆ ತಕ್ಕಂತೆ ನಡೆಯುತ್ತದೆ. ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಉಪಕರಣವನ್ನು ಕೈಗೆ ತೆಗೆದುಕೊಂಡು ತೊಳೆದು ನೋಡುವ ಈ ಹಬ್ಬಕ್ಕಿಂತ ಒಳ್ಳೆಯ ಏರ್ಪಾಡನ್ನು ಯಾವ ಕಾರ್ಖಾನೆಯೂ ಕಂಡುಹಿಡಿದಿಲ್ಲ. ತೊಡಕೆಂದರೆ ನಿಂಬೆಯ ಹುಳಿ, ಎಳನೀರಿನ ಉಪ್ಪು, ಕಲಸಿದ ಅರಿಸಿನದ ತೇವ. ಮೂರೂ ಹೊಳೆಯುವ ಕಬ್ಬಿಣಕ್ಕೆ ಆಗದವು. ಮೊದಲ ವರ್ಷ ಲೇತಿನ ಹಾಸಿನ ಮೇಲೆ ಉಳಿದ ಕಲೆಗಳು ಇನ್ನೂ ಹೋಗಿಲ್ಲ. ಈಗ ಕುಂಕುಮವನ್ನು ಬಣ್ಣ ಬಳಿದ ಭಾಗಕ್ಕೆ ಮಾತ್ರ ಇಡುತ್ತೇವೆ, ತೆಂಗಿನಕಾಯನ್ನು ಹೊಸ್ತಿಲ ಹೊರಗೆ ಒಡೆಯುತ್ತೇವೆ. ಮನೆಯ ಹಿರಿಯರು ಮೊದಲು ಆಕ್ಷೇಪಿಸಿದರು. ಕಲೆಗಳನ್ನು ತೋರಿಸಿದ ಮೇಲೆ, ಆರತಿ ಮುಗಿದೊಡನೆ ಒರಸುವ ಬಟ್ಟೆಯನ್ನು ತಾವೇ ತಂದುಕೊಡುತ್ತಾರೆ.