ಮೊಸರಿನ ಹೆಪ್ಪಿನಲ್ಲಿ ಔಷಧ ಹುಡುಕುವುದು ಹೇಗೆ?



ಸಂಘದ ಸಭೆಯೊಂದರಲ್ಲಿ ಸದಸ್ಯೆಯೊಬ್ಬರು ಕೇಳಿದರು: “ಡಾಕ್ಟ್ರೇ, ಕಾಯಿಸದ ಹಾಲು ಸಂಜೆಗೇ ಕೆಡುತ್ತೆ, ಮೊಸರು ಎರಡು ದಿನ ಇರುತ್ತೆ. ಹಂಗಾದ್ರೆ ಕೆಚ್ಚಲು ಬಾವಿಗೆ ಮೊಸರನ್ನೇ ಹಾಕಬಹುದಲ್ವಾ?” ನಕ್ಕು ಬಿಡುವ ಪ್ರಶ್ನೆಯಲ್ಲ ಇದು.

ಮೊಸರು ಬೇಗ ಕೆಡದಿರಲು ಮುಖ್ಯ ಕಾರಣ ಅದರ ಹುಳಿ. ಜೊತೆಗೆ, ಹೆಪ್ಪಿನ ಕೆಲವು ಬ್ಯಾಕ್ಟೀರಿಯಾಗಳು ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪುಟ್ಟ ಪ್ರೋಟೀನ್ ತುಣುಕುಗಳನ್ನೂ ತಯಾರಿಸುತ್ತವೆ. ಇವೇ ಪೆಪ್ಟೈಡ್‌ಗಳು. 1933ರಲ್ಲಿ ನ್ಯೂಜಿಲೆಂಡಿನಲ್ಲಿ ಚೀಸ್ ಮಾಡುವ ಹಾಲು ಹೊತ್ತಿಗೆ ಸರಿಯಾಗಿ ಹುಳಿಯಾಗದ ಕಾರಣ ಹುಡುಕಿದಾಗ ಇಂಥದೊಂದು ವಸ್ತು ಸಿಕ್ಕಿತು. 1947ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ‘ನೈಸಿನ್’ ಎಂದು ಹೆಸರಿಟ್ಟರು. ಇಂದು ಚೀಸ್ ಕೆಡದಂತೆ ಅದನ್ನು ಬಳಸುತ್ತಾರೆ.

ಪ್ರಯೋಗಾಲಯದಲ್ಲಿ ಇದನ್ನು ಹುಡುಕುವ ಕ್ರಮ ಹೀಗಿದೆ:

1. ಬ್ಯಾಕ್ಟೀರಿಯಾವನ್ನು ಪೋಷಕ ದ್ರವದಲ್ಲಿ ಬೆಳೆಸಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಮೇಲಿನ ತಿಳಿಯನ್ನು ಬೇರ್ಪಡಿಸುತ್ತಾರೆ.

2. ತಿಳಿಗೆ ಕ್ಷಾರ ಸೇರಿಸಿ ಹುಳಿ ತೆಗೆಯುತ್ತಾರೆ. ಕೆಟಲೇಸ್ ಎಂಬ ಕಿಣ್ವ ಹಾಕಿ ಹೈಡ್ರೋಜನ್ ಪೆರಾಕ್ಸೈಡನ್ನೂ ಕಳೆಯುತ್ತಾರೆ. ಇವೆರಡೂ ರೋಗಾಣು ಕೊಲ್ಲಬಲ್ಲವು. ಮೊದಲು ಇವನ್ನು ದೂರವಿಡಬೇಕು.

3. ರೋಗಾಣು ಹರಡಿದ ತಟ್ಟೆಯ ಗುಳಿಯಲ್ಲಿ ಆ ತಿಳಿ ಹಾಕುತ್ತಾರೆ. ಮರುದಿನ ಸುತ್ತ ಬೆಳವಣಿಗೆಯಿಲ್ಲದ ಬಳೆಯಂಥ ಜಾಗ ಕಂಡರೆ ಅದರಲ್ಲಿ ಏನೋ ಇದೆ.

4. ಪ್ರೋಟೀನ್ ಕರಗಿಸುವ ಕಿಣ್ವ ಸೇರಿಸಿ ಮತ್ತೆ ಪರೀಕ್ಷಿಸುತ್ತಾರೆ. ಬಳೆ ಮಾಯವಾದರೆ ಅದು ಪೆಪ್ಟೈಡ್ ಎಂಬುದಕ್ಕೆ ಬಲವಾದ ಸುಳಿವು.

5. ನಿಂಬೆರಸ ಹಿಂಡಿ ಪನೀರ್ ಒಡೆಸುವಂತೆ, ಅಮೋನಿಯಂ ಸಲ್ಫೇಟ್ ಲವಣ ಹಾಕಿ ಅದನ್ನು ಗಟ್ಟಿಯಾಗಿ ಇಳಿಸುತ್ತಾರೆ. ಕ್ರೊಮ್ಯಾಟೋಗ್ರಫಿಯಿಂದ ಶುದ್ಧಮಾಡಿ, ಅಣುವಿನ ತೂಕ ನೋಡುತ್ತಾರೆ. ನೈಸಿನ್‌ನಲ್ಲಿ 34 ಅಮೈನೋ ಆಮ್ಲಗಳಿವೆ.

ಕೆಚ್ಚಲು ಬಾವು ತರುವ ಸ್ಟೆಫೈಲೋಕಾಕಸ್‌, ಸ್ಟ್ರೆಪ್ಟೋಕಾಕಸ್‌ಗಳನ್ನು ನೈಸಿನ್ ಕೊಲ್ಲಬಲ್ಲದು. ಸಗಣಿಯಿಂದ ಬರುವ ಇ. ಕೋಲೈಗೆ ಅದೊಂದೇ ಸಾಲದು.

ಹಾಗಾದರೆ ಮೊಸರು ಹಾಕಬಹುದೇ? ಖಂಡಿತ ಬೇಡ. ನಿಮ್ಮ ಮನೆಯ ಹೆಪ್ಪು ನೈಸಿನ್ ತಯಾರಿಸುತ್ತದೆ ಎಂಬ ಖಾತ್ರಿಯಿಲ್ಲ. ಮೊಸರಿನಲ್ಲಿ ಯೀಸ್ಟ್‌ನಂಥ ಬೇರೆ ಜೀವಿಗಳೂ ಇರುತ್ತವೆ. ಮೊಲೆತೊಟ್ಟಿನೊಳಗೆ ಹೋದರೆ ಬಾವು ಹೆಚ್ಚೀತು. ಔಷಧವಾಗುವುದು ಐದೂ ಹಂತ ದಾಟಿ ಶುದ್ಧವಾದ ವಸ್ತು, ಅದೂ ಹಸುವಿನ ಮೇಲೆ ಪರೀಕ್ಷೆಯಾದ ನಂತರ.

ಹಾಲು ಗಂಟುಗಂಟಾಗಿ ಬಂದರೆ, ಕೆಚ್ಚಲು ಊದಿ ಬಿಸಿಯಾದರೆ ಅಂದೇ ನಮಗೆ ತಿಳಿಸಿ. ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ. ತಟ್ಟೆಯಲ್ಲಿ ರೋಗಾಣುವನ್ನು ತಡೆದಂತೆಯೇ, ಆ ಮದ್ದು ಊರವರ ಹಾಲಿನ ಹೆಪ್ಪನ್ನೂ ತಡೆಯುತ್ತದೆ.

– ಪಶು ವೈದ್ಯಾಧಿಕಾರಿ