ಕೈಯ ಎಲುಬು-ಕೀಲುಗಳು ಮತ್ತು ನಮ್ಮ ಸೀಮೆಯ ನೀರು

ಶರಣಧರ್ಮದಲ್ಲಿ ಕಾಯಕಕ್ಕೂ ಪೂಜೆಗೂ ಕೈಯೇ ಸಾಧನ. ನೇಗಿಲು ಹಿಡಿಯುವ ಕೈಯೇ ಇಷ್ಟಲಿಂಗಕ್ಕೆ ಪೀಠವೂ ಆಗುವುದು. ಆ ಕೈಯ ರಚನೆಯನ್ನೂ, ನಿಡುಗಲ್ ಸೀಮೆಯಲ್ಲಿ ಅದಕ್ಕೆ ಒದಗುತ್ತಿರುವ ಕೇಡನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಹೆಗಲಿನಿಂದ ಕೆಳಗೆ ಪ್ರತಿಯೊಂದು ಕೈಯಲ್ಲಿಯೂ 30 ಎಲುಬುಗಳಿವೆ. ಮೇಲ್ದೋಳಿನಲ್ಲಿ ಹ್ಯೂಮರಸ್ ಎಂಬ ಒಂದು, ಮುಂದೋಳಿನಲ್ಲಿ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು, ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಹೆಬ್ಬೆರಳಿಗೆ ಎರಡು ಎಲುಬುಗಳು; ಉಳಿದ ಬೆರಳುಗಳಿಗೆ ಮೂರು ಮೂರು.

ಎಲುಬುಗಳಿಗೆ ಚಲನೆಯನ್ನು ಕೊಡುವವು ಕೀಲುಗಳು. ಹೆಗಲಿನಲ್ಲಿ ಎಲುಬಿನ ಗುಂಡುತಲೆ ಕುಳಿಯೊಂದರಲ್ಲಿ ಕುಳಿತಿರುವುದರಿಂದ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ. ಮೊಣಕೈಯು ಬಾಗಿಲಿನ ಬಿಜಾಗರಿಯಂತೆ ಮಡಚಿಕೊಳ್ಳುತ್ತದೆ. ಹೆಬ್ಬೆರಳಿನ ಬುಡದ ಕೀಲು ಕುದುರೆಯ ತಡಿಯ ಆಕಾರದ್ದು. ಅದರ ದೆಸೆಯಿಂದಲೇ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ನಿಂತು ಕುಡುಗೋಲನ್ನೂ ಲೇಖನಿಯನ್ನೂ ಹಿಡಿಯಬಲ್ಲದು.

ಮುಂದೋಳಿನ ಚಲನೆ ಇನ್ನೂ ವಿಶೇಷವಾದುದು. ಲಿಂಗವನ್ನು ಧರಿಸಲು ಅಂಗೈಯನ್ನು ಮೇಲ್ಮುಖ ಮಾಡಿದಾಗ ರೇಡಿಯಸ್ ಮತ್ತು ಅಲ್ನಾ ಸಮಾಂತರವಾಗಿರುತ್ತವೆ; ಕೆಳಮುಖ ಮಾಡಿದಾಗ ರೇಡಿಯಸ್ ಅಲ್ನಾದ ಮೇಲೆ ಅಡ್ಡಹಾಯುತ್ತದೆ. ಇವೆರಡನ್ನೂ ನಾರಿನ ತೆಳುಪೊರೆಯೊಂದು ಬೆಸೆದಿದೆ. ನಮ್ಮ ಸೀಮೆಯ ನೀರಿನ ದೋಷವು ತನ್ನ ಗುರುತನ್ನು ಮೂಡಿಸುವ ಸ್ಥಳಗಳಲ್ಲಿ ಈ ಪೊರೆಯೂ ಒಂದು.

ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಧಿಕವಾಗಿದೆ. ಗಟ್ಟಿಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಶಿಲೆಯ ಖನಿಜಗಳಿಂದ ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕವು ವಿಧಿಸಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವಿಲ್ಲದೆಡೆ 1.5 ಮಿಲಿಗ್ರಾಂ. ಈ ಮಿತಿಯನ್ನು ಬಹಳವಾಗಿ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಎಲುಬುಗಳು ದಪ್ಪನಾಗುತ್ತವೆ, ಕೀಲುಬಂಧಗಳಲ್ಲಿ ಸುಣ್ಣದ ಅಂಶ ಸೇರಿ ಅವು ಪೆಡಸಾಗುತ್ತವೆ. ಮುಂದೋಳಿನ ಪೊರೆಯಲ್ಲಿ ಸುಣ್ಣಗಟ್ಟಿರುವುದು ಎಕ್ಸ್-ರೇ ಚಿತ್ರದಲ್ಲಿ ಕಂಡರೆ ವೈದ್ಯರಿಗೆ ಅದೊಂದು ಮುಖ್ಯ ಸುಳಿವು. ಕ್ರಮೇಣ ಕೈಯನ್ನು ಪೂರ್ಣವಾಗಿ ಚಾಚುವುದೂ ತಲೆಯ ಹಿಂದಕ್ಕೆ ಒಯ್ಯುವುದೂ ದುಸ್ಸಾಧ್ಯವಾಗುತ್ತವೆ. ಭಾರತದಲ್ಲಿ ಈ ವ್ಯಾಧಿಯನ್ನು ವೈದ್ಯರು ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ 1937ರಲ್ಲಿ ವರದಿ ಮಾಡಿದರು.

ಹೀಗೆ ಪೆಡಸಾದ ಎಲುಬು-ಕೀಲುಗಳನ್ನು ಮೊದಲಿನಂತೆ ಮಾಡುವ ಔಷಧವಿಲ್ಲ, ತಡೆಯುವುದೊಂದೇ ಮಾರ್ಗ. ಬೆಳೆಯುವ ಮಕ್ಕಳ ಎಲುಬು ಫ್ಲೋರೈಡನ್ನು ಬೇಗನೆ ಹೀರಿಕೊಳ್ಳುವುದರಿಂದ ಶಾಲೆಯ ಹೊಣೆ ಹಿರಿದು. ಮಕ್ಕಳ ಹಲ್ಲಿನ ಮೇಲಿನ ಬಿಳಿ ಅಥವಾ ಕಂದು ಕಲೆಗಳನ್ನು ಉಪಾಧ್ಯಾಯರು ಕಡೆಗಣಿಸಬಾರದು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಹಾಲು, ರಾಗಿ, ನೆಲ್ಲಿಕಾಯಿ, ಸೊಪ್ಪು ಆಹಾರದಲ್ಲಿದ್ದರೆ ಒಳಿತು. ಆದರೆ ಅವು ಶುದ್ಧ ನೀರಿಗೆ ಬದಲಿಯಲ್ಲ.

ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. ಶಾಲೆಯ ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸುವುದು, ಕೊಳವೆಬಾವಿಯ ನೀರನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸುವುದು, ಶುದ್ಧೀಕರಣ ಘಟಕವನ್ನು ಕೆಡದಂತೆ ನೋಡಿಕೊಳ್ಳುವುದು, ಇವು ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕೈಗೂಡಿಸಬೇಕಾದ ಕಾರ್ಯಗಳು. ಅನ್ನದಾಸೋಹ, ಜ್ಞಾನದಾಸೋಹಗಳ ಸಾಲಿನಲ್ಲಿ ಜಲದಾಸೋಹವೂ ಸೇರಲಿ. ಮಕ್ಕಳ ಕೈಗಳು ಗಟ್ಟಿಯಾಗಿದ್ದರೆ ತಾನೇ ನಾಳಿನ ಕಾಯಕ?